ಬೇರೆ ರಾಜ್ಯದಲ್ಲಿ ಕಾರು ಕೊಳ್ತಿದ್ದೀರಾ? ಟಿಆರ್, ಎನ್‌ಒಸಿ, ಬಿಎಚ್ ನಂಬರ್: ಯಾವುದು ಯಾರಿಗೆ

ಪುಣೆಯಲ್ಲಿ ಕೊಂಡ ಹೊಸ ಕಾರನ್ನು ಹುಬ್ಬಳ್ಳಿಗೆ ತಂದ ಮೇಲೆ ನೆಂಟರು, ಸ್ನೇಹಿತರು ಎಲ್ಲರೂ ನನಗೆ ಕೇಳುವ ಪ್ರಶ್ನೆ ಒಂದೇ. "ಇಲ್ಲಿ ಆ ಮಾಡೆಲ್‌ಗೆ ಆರು ತಿಂಗಳು ಕಾಯಬೇಕಂತೆ, ಅಲ್ಲಿ ರೆಡಿ ಇದೆಯಂತೆ. ತಗೊಂಡ್ರೆ ಗಡಿ ದಾಟಿಸೋದು ಹೇಗೆ? ಪರ್ಮಿಟ್ ಮಾಡಿಸಬೇಕಾ?"

ಮೊದಲು ಇದನ್ನು ಹೇಳಿಬಿಡ್ತೀನಿ. ಸ್ವಂತ ಬಳಕೆಯ ಕಾರಿಗೆ ರಾಜ್ಯದ ಗಡಿ ದಾಟಲು ಪ್ರತ್ಯೇಕ ಪರ್ಮಿಟ್ ಅಂತ ಏನೂ ಇಲ್ಲ. ಅದು ಹಳದಿ ಬೋರ್ಡಿನ ಟ್ಯಾಕ್ಸಿ, ಲಾರಿಗಳ ವಿಷಯ. ಹಿಂದೆ ಎಂಟ್ರಿ ಟ್ಯಾಕ್ಸ್ ಅಂತ ಒಂದಿತ್ತು, 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಅದೂ ಹೋಯಿತು. ನಿಮಗೆ ಬೇಕಾಗಿರುವುದು ನೋಂದಣಿ. ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಗೆ ಇಳಿಸುವ ಹಾಗಿಲ್ಲ, ಶೋರೂಮಿನವರು ಅದನ್ನು ನಿಮ್ಮ ಕೈಗೆ ಕೊಡುವ ಹಾಗೂ ಇಲ್ಲ. ಹಾಗಾಗಿ ಯೋಚಿಸಬೇಕಾದದ್ದು ಕಾರನ್ನು ಎಲ್ಲಿ ನೋಂದಾಯಿಸಬೇಕು, ಅಲ್ಲಿಯವರೆಗೆ ಯಾವ ನಂಬರಿನ ಮೇಲೆ ಓಡಿಸಬೇಕು ಅನ್ನೋದನ್ನು.

ದಾರಿಗಳು ಮೂರು. ಕೊಂಡ ಊರಲ್ಲಿ ತಾತ್ಕಾಲಿಕ ನೋಂದಣಿ, ಅಂದರೆ ಎಲ್ಲರೂ ಟಿಆರ್ ಅನ್ನೋದು, ಮಾಡಿಸಿ ನಮ್ಮೂರಲ್ಲಿ ಕಾಯಂ ನಂಬರ್ ಪಡೆಯುವುದು. ಇಲ್ಲವೇ ಅಲ್ಲೇ ಕಾಯಂ ನಂಬರ್ ಮಾಡಿಸಿ, ಆಮೇಲೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಅಂತ ಅಲ್ಲಿನ ಆರ್‌ಟಿಒ ಕೊಡುವ ಪತ್ರ) ತಂದು ಇಲ್ಲಿಗೆ ಬದಲಾಯಿಸುವುದು. ಇಲ್ಲವೇ ಬಿಎಚ್ ನಂಬರ್, ಅಂದರೆ ರಾಜ್ಯ ಬದಲಾದರೂ ಬದಲಿಸಬೇಕಿಲ್ಲದ ಭಾರತ್ ಸರಣಿಯ ನಂಬರ್. ನನ್ನ ಅಭಿಪ್ರಾಯ ಮೊದಲೇ ಹೇಳ್ತೀನಿ: ಕಾರು ನಿಲ್ಲುವುದು ನಿಮ್ಮ ಕರ್ನಾಟಕದ ಮನೆ ಮುಂದೆಯೇ ಆದರೆ ಟಿಆರ್ ಮಾಡಿಸಿಕೊಂಡು ಬನ್ನಿ, ತೆರಿಗೆಯನ್ನು ಒಂದೇ ಸಲ ಇಲ್ಲೇ ಕಟ್ಟಿ. ಉಳಿದ ಎರಡೂ ಒಳ್ಳೆಯ ದಾರಿಗಳೇ, ಆದರೆ ಬೇರೆ ಥರದ ಬದುಕು ಇರುವವರಿಗೆ.

"ಇಲ್ಲೇ ನಂಬರ್ ಮಾಡಿಸಿ, ತೆರಿಗೆ ಉಳಿಯುತ್ತೆ"

ಶೋರೂಮಿನಲ್ಲಿ ನಮಗೂ ಈ ಮಾತು ಹೇಳಿದರು. ನನ್ನ ತಮ್ಮ ಪುಣೆಯಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಅವನ ವಿಳಾಸಕ್ಕೆ ಎಂಎಚ್-12 ನಂಬರ್ ಮಾಡಿಸಿಬಿಡಿ, ಕರ್ನಾಟಕದಲ್ಲಿ ರೋಡ್ ಟ್ಯಾಕ್ಸ್ ಜಾಸ್ತಿ ಅಲ್ವಾ ಅಂದರು. ಅಪ್ಪನಿಗೂ ಹೌದೆನ್ನಿಸಿತು. ಆ ರಾತ್ರಿ ತಮ್ಮನ ಮನೆಯಲ್ಲಿ ಕೂತು ಲೆಕ್ಕ ಹಾಕಿದೆವು.

ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆ, ಅಂದರೆ ಒಂದೇ ಸಲ ಕಟ್ಟುವ ರೋಡ್ ಟ್ಯಾಕ್ಸ್, ಬೆಲೆಗೆ ತಕ್ಕ ಹಾಗೆ ಏರುತ್ತದೆ. 5 ಲಕ್ಷದವರೆಗೆ ಶೇ 13, 5ರಿಂದ 10 ಲಕ್ಷಕ್ಕೆ ಶೇ 14, 10ರಿಂದ 20 ಲಕ್ಷಕ್ಕೆ ಶೇ 17, ಅದಕ್ಕೂ ಮೇಲೆ ಶೇ 18. ಈ ತೆರಿಗೆಯ ಮೇಲೆ ಸೆಸ್ ಬೇರೆ. ದೇಶದಲ್ಲೇ ಜಾಸ್ತಿ ತೆರಿಗೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು, ಅದು ನಿಜ. ಮಹಾರಾಷ್ಟ್ರದಲ್ಲಿ 10 ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಶೇ 11. ಅಂದರೆ 9 ಲಕ್ಷದ ಕಾರಿಗೆ ಅಲ್ಲಿ 99,000 ರೂಪಾಯಿ, ಇಲ್ಲಿ 1,26,000 ರೂಪಾಯಿ ಮತ್ತು ಸೆಸ್. ಮೇಲ್ನೋಟಕ್ಕೆ 27,000 ಉಳಿಯಿತು.

ಆದರೆ ಕಾರು ಪುಣೆಯಲ್ಲಿ ಇರೋದಿಲ್ಲವಲ್ಲ! ಮೋಟಾರು ವಾಹನ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಮಾಲೀಕರು ವಾಸ ಇರುವ, ಅಥವಾ ವ್ಯವಹಾರ ಇದ್ದು ಗಾಡಿ ಸಾಮಾನ್ಯವಾಗಿ ನಿಲ್ಲುವ ರಾಜ್ಯದಲ್ಲೇ ನೋಂದಣಿ ಆಗಬೇಕು. 47ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಅಲ್ಲಿನ ನಂಬರ್ ಪಡೆಯಲೇಬೇಕು. ಆಗ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ಸ್ವಲ್ಪ ಕಡಿಮೆ ಆಗುತ್ತದೆ ಅಷ್ಟೇ. ಮಹಾರಾಷ್ಟ್ರಕ್ಕೆ ಕಟ್ಟಿದ 99,000ದಲ್ಲಿ ಉಳಿದ ಅವಧಿಯ ಪಾಲನ್ನು ವಾಪಸ್ ಕೇಳಬಹುದು, ಆದರೆ ಅರ್ಜಿ ಹಾಕಿ, ಆ ಕಚೇರಿಗೆ ಓಡಾಡಿ, ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ 27,000 ಉಳಿಸಿದವರ ಕೈಯಿಂದ ಲಕ್ಷದ ಹತ್ತಿರ ಹೋಗಿ ಕೂತಿರುತ್ತದೆ.

ಪುದುಚೇರಿ ನಂಬರಿನ ದುಬಾರಿ ಕಾರುಗಳನ್ನು ಬೆಂಗಳೂರಲ್ಲಿ ಆರ್‌ಟಿಒದವರು ಹಿಡಿದ ಸುದ್ದಿ ಓದಿರುತ್ತೀರಿ. ಅದೂ ಇದೇ ಕಥೆ. ಅಲ್ಲಿ ವಾಸವೇ ಇಲ್ಲದವರು ಅಲ್ಲಿನ ವಿಳಾಸ ಕೊಟ್ಟು ಕಡಿಮೆ ತೆರಿಗೆ ಕಟ್ಟಿ, ಇಲ್ಲಿ ವರ್ಷಗಟ್ಟಲೆ ಓಡಿಸಿದ್ದು. ಜಿಎಸ್‌ಟಿ ದೇಶಕ್ಕೆಲ್ಲ ಒಂದೇ ಆಗಿರೋದರಿಂದ ಶೋರೂಮ್ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇರೋದಿಲ್ಲ. ವ್ಯತ್ಯಾಸ ಇರೋದು ರೋಡ್ ಟ್ಯಾಕ್ಸಿನಲ್ಲಿ, ಅದು ನೀವು ಎಲ್ಲಿ ಕೊಂಡಿರಿ ಅನ್ನೋದರ ಮೇಲಲ್ಲ, ಎಲ್ಲಿ ನೋಂದಾಯಿಸಿದಿರಿ ಅನ್ನೋದರ ಮೇಲೆ ನಿಲ್ಲುತ್ತದೆ. ಆದ್ದರಿಂದ ಬೇರೆ ರಾಜ್ಯಕ್ಕೆ ಹೋಗಲು ಸರಿಯಾದ ಕಾರಣ ಅಂದರೆ ಗಾಡಿ ಬೇಗ ಸಿಗುತ್ತದೆ, ಬೇಕಾದ ಬಣ್ಣ ಅಥವಾ ಗೇರು ಸಿಗುತ್ತದೆ, ಒಳ್ಳೆಯ ರಿಯಾಯಿತಿ ಸಿಗುತ್ತದೆ. ತೆರಿಗೆ ಉಳಿಸೋದು ಕಾರಣ ಆಗಬಾರದು.

ಹಾಗಾದರೆ ಅಲ್ಲೇ ಕಾಯಂ ನಂಬರ್ ಯಾರಿಗೆ ಸರಿ? ನಿಜವಾಗಿ ಅಲ್ಲಿ ಬದುಕುವವರಿಗೆ. ಪುಣೆ, ಚೆನ್ನೈ, ಹೈದರಾಬಾದ್‌ನಲ್ಲಿ ಕೆಲಸ ಇದ್ದು, ಇನ್ನೂ ನಾಲ್ಕೈದು ವರ್ಷ ಅಲ್ಲೇ ಇರ್ತೀವಿ, ಊರಿಗೆ ಹಬ್ಬಕ್ಕೆ ಜಾತ್ರೆಗೆ ಬರ್ತೀವಿ ಅನ್ನುವವರು ನಿಶ್ಚಿಂತೆಯಿಂದ ಅಲ್ಲಿನ ನಂಬರ್ ಮಾಡಿಸಿಕೊಳ್ಳಿ. ಒಂದು ರಾಜ್ಯದ ಆರ್‌ಸಿ ದೇಶಕ್ಕೆಲ್ಲ ನಡೆಯುತ್ತದೆ. ಮುಂದೆ ಊರಿಗೆ ಕಾಯಂ ಆಗಿ ಬಂದರೆ ಆಗ ಎನ್‌ಒಸಿ ನೋಡಿಕೊಳ್ಳಬಹುದು.

ಟಿಆರ್ ದಾರಿ: ಸ್ವಲ್ಪ ವಿವರವಾಗಿ

ನಾವು ಹಿಡಿದ ದಾರಿ ಇದು. ಗಡಿ ಊರುಗಳಲ್ಲಿ ಇದು ದಿನನಿತ್ಯ ನಡೆಯುವ ವಿಷಯ. ಕಾಸರಗೋಡಿನವರು ಮಂಗಳೂರಲ್ಲಿ ಕಾರು ಕೊಂಡು ಕೆಎಲ್-14 ನಂಬರ್ ಮಾಡಿಸ್ತಾರೆ, ಹೊಸೂರಿನವರು ಬೆಂಗಳೂರಲ್ಲಿ ಕೊಂಡು ಟಿಎನ್-70 ಮಾಡಿಸ್ತಾರೆ, ನಿಪ್ಪಾಣಿ ಕಡೆಯವರು ಕೊಲ್ಹಾಪುರಕ್ಕೆ ಹೋಗಿ ಬರ್ತಾರೆ.

ಟಿಆರ್ ಮಾಡಿಸೋದು ಶೋರೂಮಿನವರೇ. ನೀವು ಗಮನ ಕೊಡಬೇಕಾದದ್ದು ವಿಳಾಸಕ್ಕೆ. ಬಿಲ್, ವಿಮೆ, ಟಿಆರ್ ಮೂರರಲ್ಲೂ ನಿಮ್ಮ ಆಧಾರ್‌ನಲ್ಲಿರುವ ಕರ್ನಾಟಕದ ವಿಳಾಸವೇ ಇರಬೇಕು. ಬುಕಿಂಗ್ ಮಾಡುವಾಗಲೇ "ನಮಗೆ ಟಿಆರ್ ಸಾಕು, ಕಾಯಂ ನೋಂದಣಿ ನಮ್ಮೂರಲ್ಲಿ" ಅಂತ ಬರೆದು ಕೊಡಿ. ಇಲ್ಲದಿದ್ದರೆ ಅವರ ಕೊಟೇಶನ್ನಿನಲ್ಲಿ ಅಲ್ಲಿನ ರೋಡ್ ಟ್ಯಾಕ್ಸ್ ಸೇರಿಕೊಂಡೇ ಬರುತ್ತದೆ. ಕೆಲವು ಕಡೆ ಟಿಆರ್ ಮೇಲೆ ಗಾಡಿ ಕೊಡೋದಕ್ಕೆ ಹಿಂದೇಟು ಹಾಕ್ತಾರೆ. ಅಂಥ ಕಡೆ ಮುಂಗಡ ಕೊಡಬೇಡಿ.

ಅವಧಿಯ ಬಗ್ಗೆ ಜನರಲ್ಲಿ ಗೊಂದಲ ಇದೆ. ಹಿಂದೆ ಟಿಆರ್ ಅಂದರೆ ಒಂದು ತಿಂಗಳು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ, ಆಮೇಲೆ ಬಂದ 2021ರ ಕೇಂದ್ರ ನಿಯಮಗಳ ಮೇಲೆ ಅದು ಆರು ತಿಂಗಳಾಗಿದೆ. ಹಾಗಂತ ಅಂದಾಜಿನ ಮೇಲೆ ಓಡಿಸಬೇಡಿ, ನಿಮ್ಮ ಟಿಆರ್ ಹಾಳೆಯ ಮೇಲೆ ಕೊನೆಯ ದಿನಾಂಕ ಅಚ್ಚಾಗಿರುತ್ತದೆ, ನಿಮಗೆ ಲೆಕ್ಕ ಅದೇ. ಅದು ಮುಗಿದ ಮೇಲೆ ಓಡಿಸಿದರೆ ನೋಂದಣಿ ಇಲ್ಲದ ಗಾಡಿ ಓಡಿಸಿದ ಹಾಗೆ. ಮೊದಲ ಸಲಕ್ಕೇ 2,000ದಿಂದ 5,000 ರೂಪಾಯಿವರೆಗೆ ದಂಡ ಇದೆ. ಅದಕ್ಕಿಂತ ದೊಡ್ಡ ಭಯ ಅಪಘಾತದ್ದು, ಯಾಕಂದರೆ ನೋಂದಣಿ ಇಲ್ಲದ ಗಾಡಿಯ ಕ್ಲೇಮನ್ನು ವಿಮೆಯವರು ತಿರಸ್ಕರಿಸಬಹುದು.

ಪ್ಲೇಟನ್ನೂ ನೋಡಿಕೊಳ್ಳಿ. ತಾತ್ಕಾಲಿಕ ನಂಬರ್ ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರದಲ್ಲಿ ಇರಬೇಕು. ಮೊದಲು ಟಿ ಅಕ್ಷರ, ಆಮೇಲೆ ತಿಂಗಳು, ವರ್ಷ, ರಾಜ್ಯದ ಎರಡಕ್ಷರ, ಕೊನೆಗೆ ಸಂಖ್ಯೆ ಮತ್ತು ಅಕ್ಷರಗಳು. ಬಿಳಿ ಹಾಳೆಯ ಮೇಲೆ ಪ್ರಿಂಟ್ ತೆಗೆದು ಗಾಜಿಗೆ ಅಂಟಿಸಿದ್ದು ನಡೆಯೋದಿಲ್ಲ. ಕೆಂಪು ಹಿನ್ನೆಲೆಗೆ ಬಿಳಿ ಅಕ್ಷರ ಇದ್ದರೆ ಅದು ಡೀಲರಿನ ಟ್ರೇಡ್ ಸರ್ಟಿಫಿಕೇಟ್ ನಂಬರ್, ಅವರ ಗಾಡಿಗಳ ಓಡಾಟಕ್ಕೆ ಇರುವುದು. "ಸುಮ್ನೆ ಇದರ ಮೇಲೆ ಊರಿಗೆ ಒಯ್ಯಿರಿ, ಏನೂ ಆಗಲ್ಲ" ಅಂದರೆ ಒಪ್ಪಬೇಡಿ. ನಿಮ್ಮ ಹೆಸರಿನ ಗಾಡಿಗೆ ಆ ನಂಬರ್ ಸಲ್ಲುವುದಿಲ್ಲ.

ನಾವು ಬೆಳಿಗ್ಗೆ ಆರಕ್ಕೆ ಪುಣೆ ಬಿಟ್ಟೆವು. ಸಾತಾರಾ, ಕರಾಡ, ಕೊಲ್ಹಾಪುರ, ಆಮೇಲೆ ಕೊಗನೊಳಿ ಟೋಲ್. ಅಲ್ಲಿಗೆ ಕರ್ನಾಟಕದೊಳಗೆ ಬಂದಾಗಿತ್ತು. ಅಪ್ಪ ಕಾಗದಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಮಡಿಲಲ್ಲೇ ಇಟ್ಟುಕೊಂಡಿದ್ದರು: ಟಿಆರ್ ಹಾಳೆ, ಶೋರೂಮಿನ ಬಿಲ್, ಫಾರಂ 21 ಅಂದರೆ ಮಾರಾಟದ ಪ್ರಮಾಣಪತ್ರ, ಫಾರಂ 22 ಅಂದರೆ ಗಾಡಿ ರಸ್ತೆಗೆ ಯೋಗ್ಯ ಅಂತ ಕಂಪನಿ ಕೊಡುವ ಪತ್ರ, ವಿಮೆ. ನಿಪ್ಪಾಣಿ ಹತ್ತಿರ ಪೊಲೀಸರು ಕೈ ಮಾಡಿದರು. ಹಳದಿ ಪ್ಲೇಟ್ ನೋಡಿ ಟಿಆರ್ ಕೇಳಿದರು, ದಿನಾಂಕ ನೋಡಿದರು, "ಹೊಸಾ ಗಾಡಿ, ಸಾವಕಾಶ ಹೋಗ್ರಿ" ಅಂದು ಬಿಟ್ಟರು. ಎರಡು ನಿಮಿಷವೂ ಹಿಡಿಯಲಿಲ್ಲ. ಹೊಸ ಕಾರಿಗೆ ಒಂದು ವರ್ಷ ಹೊಗೆ ತಪಾಸಣೆಯ ಪತ್ರ ಬೇಕಾಗಿಲ್ಲ, ಕೇಳಿದರೆ ಬಿಲ್ಲಿನ ದಿನಾಂಕ ತೋರಿಸಿ.

ಕಷ್ಟ ಆಗಿದ್ದು ಊರಿಗೆ ಬಂದ ಮೇಲೆ. ಅದೇ ರಾಜ್ಯದ ಡೀಲರ್ ಹತ್ತಿರ ಕೊಂಡ ಕಾರಾದರೆ ನೋಂದಣಿ ಶೋರೂಮಿನಿಂದಲೇ ಆಗಿಬಿಡುತ್ತದೆ, ಗಾಡಿಯನ್ನು ಆರ್‌ಟಿಒಗೆ ಒಯ್ಯಬೇಕಾಗಿಲ್ಲ. ಹೊರ ರಾಜ್ಯದ ಟಿಆರ್ ಗಾಡಿಗೆ ಹಾಗಲ್ಲ. ನೀವೇ ಸರ್ಕಾರದ ವಾಹನ್ ಜಾಲತಾಣದಲ್ಲಿ ಫಾರಂ 20ರ ಅರ್ಜಿ ಹಾಕಬೇಕು, ತೆರಿಗೆ, ಶುಲ್ಕ ಕಟ್ಟಬೇಕು, ಗಾಡಿಯನ್ನು ಒಯ್ದು ತೋರಿಸಬೇಕು. ಬ್ರೇಕ್ ಇನ್ಸ್‌ಪೆಕ್ಟರ್ ಬಂದು "ಚಾಸಿ ನಂಬರ್ ತೋರಸ್ರಿ" ಅಂದರು. ನಂಬರ್ ಕೊರೆದ ಜಾಗದ ಮೇಲೆ ಅಗಲದ ಅಂಟುಪಟ್ಟಿ ಒತ್ತಿ, ಮೇಲೆ ಪೆನ್ಸಿಲ್ಲನ್ನು ಅಡ್ಡ ಹಿಡಿದು ಉಜ್ಜಿದರೆ 17 ಅಕ್ಷರ, ಅಂಕಿಗಳು ಒಂದೊಂದಾಗಿ ಬಿಳಿಯಾಗಿ ಎದ್ದು ಕಾಣುತ್ತವೆ. ಅದನ್ನು ಕಿತ್ತು ಅರ್ಜಿಗೆ ಅಂಟಿಸಿದರು. ಆಮೇಲೆ ವಿಮೆಯ ಹಾಳೆಯ ಪಕ್ಕ ಇಟ್ಟು ಬೆರಳಿಟ್ಟು ಓದುತ್ತಾ ಹೋಗಿ ಹನ್ನೊಂದನೆಯದರ ಹತ್ತಿರ ನಿಂತರು. ಗಾಡಿಯ ಮೇಲೆ 8 ಇದ್ದ ಕಡೆ ವಿಮೆಯಲ್ಲಿ ಇಂಗ್ಲಿಷಿನ ಬಿ ಇತ್ತು.

ಶೋರೂಮಿನಲ್ಲಿ ಟೈಪ್ ಮಾಡುವಾಗ ಆದ ತಪ್ಪು. ಅದನ್ನು ತಿದ್ದಿಸಲು ಪುಣೆಗೆ ಫೋನು, ಮೇಲ್, ಮತ್ತೆ ಫೋನು. ಒಂಬತ್ತು ದಿನ ಹಿಡಿಯಿತು. ಅಪ್ಪ ಆ ಒಂಬತ್ತು ದಿನವೂ ಗಾಡಿಯನ್ನು ಹೊರಗೆ ತೆಗೆಯಲಿಲ್ಲ. ಇನ್ನೂರು ಹೆಜ್ಜೆ ದೂರದ ಅಂಗಡಿಗೂ ಇಲ್ಲ. ಹಾಗಾಗಿ ನನ್ನ ಮಾತು ಕೇಳಿ, ಬೀಗದ ಕೈ ಇಸಿದುಕೊಳ್ಳುವ ಮೊದಲು ಶೋರೂಮಿನಲ್ಲೇ ನಿಂತು ಚಾಸಿ ನಂಬರನ್ನು ಗಾಡಿಯಿಂದ ಒಬ್ಬರು ಜೋರಾಗಿ ಓದಿ, ಇನ್ನೊಬ್ಬರು ಬಿಲ್, ವಿಮೆ, ಟಿಆರ್, ಫಾರಂ 21, ಫಾರಂ 22 ಒಂದೊಂದರಲ್ಲೂ ಹೋಲಿಸಿ ನೋಡಿ. ಎಂಜಿನ್ ನಂಬರಿಗೂ ಹಾಗೇ. ಹತ್ತು ನಿಮಿಷದ ಕೆಲಸ. ಹೂವಿನ ಹಾರ, ಫೋಟೊ ಎಲ್ಲ ಆಮೇಲೆ.

ಇನ್ನೆರಡು ವಿಷಯ. ಸಾಲ ಇದ್ದರೆ ಬ್ಯಾಂಕಿನ ಸಹಿ, ಮೊಹರಿನ ಕಾಗದವನ್ನು ಊರಿಗೆ ಬರುವ ಮೊದಲೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಆರ್‌ಸಿಯಲ್ಲಿ ಸಾಲದ ನಮೂದು ಮಾಡಿಸಲು ಮತ್ತೊಂದು ಓಡಾಟ. ಹಾಗೇ ಕಾಯಂ ನಂಬರ್ ಬಂದ ಮೇಲೆ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ ನಂಬರ್) ಪ್ಲೇಟನ್ನು ಯಾರು ಹಾಕಿಕೊಡ್ತಾರೆ ಅನ್ನೋದನ್ನು ಮೊದಲೇ ಕೇಳಿ. ನೀವು ಕೊಂಡ ಶೋರೂಮ್ ದೂರ ಇರುತ್ತದೆ. ಊರಲ್ಲಿರುವ ಅದೇ ಕಂಪನಿಯ ಶೋರೂಮಿನವರ ಜೊತೆ ಒಮ್ಮೆ ಮಾತಾಡಿಕೊಂಡಿದ್ದರೆ ಕೆಲಸ ಸುಲಭ.

ಬೆಲೆ 10 ಲಕ್ಷದ ಆಸುಪಾಸಿನಲ್ಲಿದ್ದರೆ ಬಿಲ್ ಮೊತ್ತವನ್ನು ಎರಡು ಸಲ ನೋಡಿ. ತೆರಿಗೆ ಹಂತ ಬದಲಾದರೆ ಪೂರ್ತಿ ಬೆಲೆಗೆ ಹೊಸ ದರ ಬೀಳುತ್ತದೆ. 9,95,000ಕ್ಕೆ ಶೇ 14ರಂತೆ 1,39,300 ರೂಪಾಯಿ, 10,05,000ಕ್ಕೆ ಶೇ 17ರಂತೆ 1,70,850 ರೂಪಾಯಿ. ಹತ್ತು ಸಾವಿರದ ವ್ಯತ್ಯಾಸಕ್ಕೆ ತೆರಿಗೆಯಲ್ಲಿ ಮೂವತ್ತೊಂದು ಸಾವಿರ ಜಾಸ್ತಿ.

ಓಡಿಸಿಕೊಂಡು ಬರುವ ಬದಲು ಟ್ರಕ್ಕಿನ ಮೇಲೆ ತರಿಸಿದರೆ ಟಿಆರ್ ಬೇಡವಾ ಅಂತ ಕೇಳುವವರಿದ್ದಾರೆ. ಬೇಕು. ಗಾಡಿ ನಿಮ್ಮ ಸುಪರ್ದಿಗೆ ಬರುವಾಗಲೇ ನೋಂದಣಿ ಆಗಿರಬೇಕು, ಜೊತೆಗೆ ಕೊನೆಗೆ ಆರ್‌ಟಿಒ ಆವರಣದವರೆಗೆ ಅದು ಚಕ್ರದ ಮೇಲೇ ಹೋಗಬೇಕಲ್ಲ. ದೆಹಲಿಯಿಂದ ಎರಡು ಸಾವಿರ ಕಿಲೋಮೀಟರ್ ಓಡಿಸೋದು ಕಷ್ಟ ಅನ್ನಿಸಿದರೆ ಟ್ರಕ್ ಒಳ್ಳೆಯದೇ. ಪುಣೆ, ಹೈದರಾಬಾದ್, ಚೆನ್ನೈಯಿಂದ ಆದರೆ ನೀವೇ ಓಡಿಸಿಕೊಂಡು ಬನ್ನಿ.

ಬಿಎಚ್ ನಂಬರ್

2021ರ ಸೆಪ್ಟೆಂಬರಿನಿಂದ ಇರುವ ಈ ಸರಣಿ ಎಲ್ಲರಿಗೂ ಸಿಗೋದಿಲ್ಲ. ಸೇನೆಯವರು, ಕೇಂದ್ರ ಮತ್ತು ರಾಜ್ಯ ಸರ್ಕಾರಿ ನೌಕರರು, ಸಾರ್ವಜನಿಕ ಉದ್ದಿಮೆಗಳವರು, ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಗಳ ನೌಕರರು ಇದಕ್ಕೆ ಅರ್ಹರು. ಖಾಸಗಿಯವರು ಕಂಪನಿಯಿಂದ ಫಾರಂ 60, ಅಂದರೆ ಅಲ್ಲಿ ಕೆಲಸದಲ್ಲಿದ್ದೀರಿ ಅನ್ನುವ ಪತ್ರ, ತರಬೇಕು. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟುತ್ತಾ ಹೋಗಬಹುದು. ದರ 10 ಲಕ್ಷದೊಳಗೆ ಶೇ 8, 20 ಲಕ್ಷದವರೆಗೆ ಶೇ 10, ಮೇಲೆ ಶೇ 12, ಡೀಸೆಲ್ಲಿಗೆ ಶೇ 2 ಜಾಸ್ತಿ, ವಿದ್ಯುತ್ ಕಾರಿಗೆ ಶೇ 2 ಕಡಿಮೆ, ಆ ಲೆಕ್ಕದಲ್ಲಿ ಎರಡು ವರ್ಷದ ಪಾಲು ಮಾತ್ರ ಒಮ್ಮೆಗೆ.

ವರ್ಗಾವಣೆ ಇರುವ ಮನೆಗಳಿಗೆ ಇದು ನಿಜಕ್ಕೂ ವರ. ನನ್ನ ಚಿಕ್ಕಪ್ಪ ಬ್ಯಾಂಕಿನಲ್ಲಿದ್ದಾಗ ಮೂರು ರಾಜ್ಯ ಸುತ್ತಿ ಎರಡು ಸಲ ನಂಬರ್ ಬದಲಿಸಿದ್ದರು, ಒಂದು ರಾಜ್ಯದ ತೆರಿಗೆಯನ್ನು ವಾಪಸ್ ಕೇಳುವುದನ್ನೇ ಕೈಬಿಟ್ಟರು. ಆಗ ಇದು ಇದ್ದಿದ್ದರೆ ಅಂತ ಈಗಲೂ ಹೇಳ್ತಾರೆ. ಆದರೆ ಒಂದೇ ಊರಲ್ಲಿ ನೆಲೆ ನಿಲ್ಲುವವರು, ಮೊದಲು ಕಡಿಮೆ ಹಣ ಹೋಗುತ್ತದೆ ಅನ್ನೋ ಒಂದೇ ಕಾರಣಕ್ಕೆ ಇದಕ್ಕೆ ಹೋಗಬೇಡಿ. ಎರಡು ವರ್ಷಕ್ಕೊಮ್ಮೆ ನೆನಪಿಟ್ಟು ಕಟ್ಟಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ದಂಡ. ಮಾರುವಾಗ ಕೊಳ್ಳುವವರು ಬಿಎಚ್‌ಗೆ ಅರ್ಹರಲ್ಲದಿದ್ದರೆ ಸಾಮಾನ್ಯ ನಂಬರಿಗೆ ಬದಲಿಸಿ ರಾಜ್ಯದ ತೆರಿಗೆ ಕಟ್ಟಬೇಕು, ಆ ಮೊತ್ತವನ್ನು ಅವರು ನಿಮ್ಮ ಬೆಲೆಯಲ್ಲೇ ಕಳೆದು ಕೇಳ್ತಾರೆ.

ಹಳೆಯ ಕಾರಾದರೆ

ಇಲ್ಲಿ ಟಿಆರ್ ಮಾತೇ ಇಲ್ಲ. ಇರುವ ನಂಬರಿನ ಮೇಲೇ ಓಡಿಸಿಕೊಂಡು ಬರಬಹುದು, ಆದರೆ ಎನ್‌ಒಸಿ ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಇದು ನನ್ನ ಖಡಾಖಂಡಿತ ಸಲಹೆ. ಮಾರುವವರು ಫಾರಂ 28ರಲ್ಲಿ ಅವರ ಆರ್‌ಟಿಒದಿಂದ ಎನ್‌ಒಸಿ ಪಡೆಯಬೇಕು. ಸಾಲ ಇದ್ದರೆ ಬ್ಯಾಂಕಿನಿಂದ ಸಾಲ ತೀರಿತು ಅನ್ನುವ ಫಾರಂ 35 ಬೇಕು, ಬಾಕಿ ಚಲನ್ ಇದ್ದರೆ ತೀರಿಸಬೇಕು. ಮಾರಾಟದ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳಿ, ವಿಮೆ ಮತ್ತು ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿದೆಯೇ ನೋಡಿ.

ದೆಹಲಿಯಲ್ಲಿ 20 ಲಕ್ಷದ ಕಾರು 7 ಲಕ್ಷಕ್ಕೆ ಸಿಗುತ್ತೆ ಅಂತ ಹೊರಡುವವರು ತೆರಿಗೆಯ ಲೆಕ್ಕ ಹಾಕದೆ ಹೊರಡಬೇಡಿ. ಇಲ್ಲಿ ತೆರಿಗೆ ಹಾಕೋದು ನೀವು ಕೊಟ್ಟ 7 ಲಕ್ಷಕ್ಕಲ್ಲ, ಹೊಸದಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ತಕ್ಕಷ್ಟು ಕಡಿತ ಮಾಡಿ. ಐದಾರು ವರ್ಷದ ಗಾಡಿಗೂ ಅದು ಲಕ್ಷಗಳಲ್ಲೇ ಇರುತ್ತದೆ. ಅದನ್ನು, ತರುವ ಖರ್ಚನ್ನು ಕೂಡಿಸಿ ನೋಡಿ, ಎಷ್ಟೋ ಸಲ ಬೆಂಗಳೂರು, ಹುಬ್ಬಳ್ಳಿಯಲ್ಲೇ ಅಂಥದೇ ಕಾರು ಅದೇ ಬೆಲೆಗೆ ಸಿಗುತ್ತದೆ.

ಕಾಯಂ ನಂಬರ್ ಬಂದ ದಿನ ಫಾಸ್ಟ್ಯಾಗ್ ಮರೆಯಬೇಡಿ. ಹೊಸ ಕಾರಿನ ಟ್ಯಾಗ್ ಚಾಸಿ ನಂಬರಿನ ಮೇಲೆ ಇರುತ್ತದೆ, 90 ದಿನದೊಳಗೆ ನೋಂದಣಿ ಸಂಖ್ಯೆ ಸೇರಿಸಬೇಕು, ಇಲ್ಲದಿದ್ದರೆ ಟ್ಯಾಗ್ ನಿಂತುಹೋಗಬಹುದು. ವಿಮೆಯವರಿಗೂ ಹೊಸ ನಂಬರ್ ತಿಳಿಸಿ ಪಾಲಿಸಿಯಲ್ಲಿ ಹಾಕಿಸಿ. ನಮ್ಮದಕ್ಕೆ ಕೆಎ-63 ಪ್ಲೇಟ್ ಕೂರಿಸಿದ ಸಂಜೆಯೇ ಅಪ್ಪ ಎರಡನ್ನೂ ಮಾಡಿಸಿ, ಆಮೇಲೆ ಅವ್ವನನ್ನು ಕೂರಿಸಿಕೊಂಡು ಸಿದ್ಧಾರೂಢ ಮಠಕ್ಕೆ ಹೋಗಿ ಬಂದರು.